ಮಸುಕಾದ ಮದುವೆ ಫೋಟೊ ಎಲ್ಲವೂ ಕೆಟ್ಟ ಫೋಟೊ ಅಲ್ಲ

‘ಈಗಿನ ಮದುವೆ ಆಲ್ಬಮ್‌ಗಳಲ್ಲಿ ದೀಪಗಳು ಗೆರೆಯಾಗಿ ಹರಿದಿರುವ ಫೋಟೊಗಳೆಲ್ಲ ಫೋಟೊಗ್ರಾಫರ್ ಕೈ ಅಲುಗಾಡಿದ್ದರ ಫಲ. ಅದನ್ನೇ ಟ್ರೆಂಡ್ ಎಂದು ಮಾರುತ್ತಿದ್ದಾರೆ, ಹಣ ಕೊಡಬೇಡಿ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ಸರಿಯಲ್ಲ.

ಇದು ಬೇಕೆಂದೇ ಮಾಡುವ ಕೆಲಸ. ಕ್ಯಾಮೆರಾದೊಳಗೆ ಬೆಳಕು ಬಿಡುವ ಬಾಗಿಲಾದ ಶಟರ್ ಅನ್ನು ಸೆಕೆಂಡಿನ 1/4ರಿಂದ 1/15 ಭಾಗದಷ್ಟು ಹೊತ್ತು ತೆರೆದಿಟ್ಟು, ಜೊತೆಗೆ ಫ್ಲ್ಯಾಶ್ ಹೊಡೆಯುತ್ತಾರೆ. ಫ್ಲ್ಯಾಶ್ ಬೆಳಗುವುದು ಅದರಲ್ಲಿ ತೀರಾ ಸಣ್ಣ ಪಾಲು ಮಾತ್ರ. ಆ ಕ್ಷಣದಲ್ಲಿ ಮುಖ ಸ್ಪಷ್ಟವಾಗಿ ಅಚ್ಚಾಗುತ್ತದೆ. ಉಳಿದ ಹೊತ್ತಿನಲ್ಲಿ ಕ್ಯಾಮೆರಾವನ್ನು ಬೇಕೆಂದೇ ಸರಿಸಿದಾಗ ಹಿಂದಿನ ದೀಪಗಳು ಗೆರೆ ಎಳೆಯುತ್ತವೆ. ಫ್ಲ್ಯಾಶ್ ಅನ್ನು ಕೊನೆಯಲ್ಲಿ ಹೊಡೆಯುವ ‘ರಿಯರ್ ಕರ್ಟನ್ ಸಿಂಕ್’ ಬಳಸಿದರೆ ಕುಣಿಯುವವರ ಚಲನೆಯ ಜಾಡು ಅವರ ಹಿಂದೆ ಬೀಳುತ್ತದೆ. ಇದಕ್ಕೆ ಅಭ್ಯಾಸ ಬೇಕು. ಫಿಲ್ಟರ್ ಹಾಕಿ ಇದೇ ಸೊಗಸು ತರುವುದು ಕಷ್ಟ.

ಫೋಟೊವನ್ನು ಹಿಗ್ಗಿಸಿ ವಧುವಿನ ರೆಪ್ಪೆಗೂದಲು ನೋಡಿ. ಅದು ಚೂಪಾಗಿದ್ದು ಸುತ್ತಲಿನ ಬೆಳಕಷ್ಟೇ ಹರಿದಿದ್ದರೆ ಅದನ್ನು ತಪ್ಪು ಎನ್ನಬೇಡಿ. ಫ್ಲ್ಯಾಶ್ ಇಲ್ಲದೆ ಇಡೀ ಚಿತ್ರವನ್ನೇ ಮಸುಕಾಗಿಸುವ ಶೈಲಿಯೂ ಇದೆ, ನನಗೆ ಅದು ಅಷ್ಟಾಗಿ ಹಿಡಿಸುವುದಿಲ್ಲ.

ಆದರೆ ಮುಖ್ಯ ವಿಧಿಯ ಒಂದು ಚಿತ್ರದಲ್ಲೂ ಮುಖ ಸ್ಪಷ್ಟವಿಲ್ಲದಿದ್ದರೆ ಅದು ಲೋಪವೇ, ‘ಸ್ಟೈಲ್’ ಎಂಬ ಸಬೂಬು ಒಪ್ಪಬೇಕಿಲ್ಲ. ಬುಕ್ ಮಾಡುವ ಮುನ್ನ ಆಯ್ದ ನಾಲ್ಕು ಚಿತ್ರಗಳನ್ನಲ್ಲ, ಒಂದು ಮದುವೆಯ ಪೂರ್ತಿ ಆಲ್ಬಮ್ ಕೇಳಿ ನೋಡಿ.