ಸೊಂಟ, ಸ್ಪ್ರಿಂಗು, ಈರುಳ್ಳಿ ಬುಟ್ಟಿ

ಸೊಂಟ ಹಿಡಿದಿದ್ದು ಪೇಪರ್ ಎತ್ತಲು ಬಗ್ಗಿದಾಗ. ಕಾಫಿ ಮೂಟೆ ಹೊರುವಾಗ ಹಿಡಿದಿದ್ದರೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಿತ್ತು. ಚಿಕ್ಕಮಗಳೂರಿನ ಆಷಾಢದ ಮಳೆ. ಗೇಟಿನ ಒಳಗೆ ಎಸೆದ ಪೇಪರು ಅರ್ಧ ಒದ್ದೆ. ಉಳಿದರ್ಧವನ್ನಾದರೂ ಉಳಿಸೋಣ ಅಂತ ಬಗ್ಗಿದೆ. ಬಗ್ಗಿದವನು ಹಾಗೇ ನಿಂತೆ. ಛತ್ರಿ ಹಿಡಿದು ಹೂ ಕೀಳುತ್ತಿದ್ದ ಪಕ್ಕದ ಮನೆಯವರು, "ಏನ್ ಹುಡುಕ್ತಿದೀರಿ?" ಅಂದರು. "ಗೇಟಿನ ಕೀಲಿ" ಅಂದೆ. ಪಾಪ, ಅವರೂ ಬಂದು ಹುಡುಕಿದರು.

ನೋವಿಗಿಂತ ಜಾಸ್ತಿ ಕಾಟ ಕೊಟ್ಟಿದ್ದು ಸಲಹೆಗಳು. ಒಬ್ಬರು ಎಕ್ಕದ ಎಲೆ ಕಟ್ಟು ಅಂದರು. ಇನ್ನೊಬ್ಬರು ಕಲ್ಲುಪ್ಪಿನ ಶಾಖ ಅಂದರು. ಬೆಂಗಳೂರಿನಿಂದ ಮಗಳು ಫೋನಿನಲ್ಲಿ, "ಅಪ್ಪಾ, ಪಿಲಾಟಿಸ್ ಮಾಡು" ಅಂದಳು. ನನಗೆ ಕೇಳಿಸಿದ್ದು ಪ್ಲೇಟ್ಸ್. ಮೂಳೆ ಮುರಿದವರಿಗೆ ಒಳಗೆ ಹಾಕ್ತಾರಲ್ಲ, ಆ ಪ್ಲೇಟು ಅಂತ ತಿಳಿದು ಕೈಕಾಲು ತಣ್ಣಗಾಯಿತು.

ಪಿಲಾಟಿಸ್ ಅನ್ನೋದು ಒಂದು ಬಗೆಯ ವ್ಯಾಯಾಮ, ಅದನ್ನು ಹುಟ್ಟುಹಾಕಿದ ಮನುಷ್ಯನ ಹೆಸರೇ ಅದಕ್ಕೂ ಬಂತಂತೆ. ಜೋಸೆಫ್ ಪಿಲಾಟಿಸ್, 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವನು. ಚಿಕ್ಕಂದಿನಲ್ಲಿ ಆಸ್ತಮಾ, ರಿಕೆಟ್ಸ್, ರುಮ್ಯಾಟಿಕ್ ಜ್ವರ ಎಲ್ಲವೂ ಇತ್ತಂತೆ. ಇದನ್ನು ಓದಿದ ಮೇಲೆ ನನಗೆ ಅವನ ಮೇಲೆ ಸ್ವಲ್ಪ ನಂಬಿಕೆ ಬಂತು. ಹುಟ್ಟು ಪೈಲ್ವಾನರು ಹೇಳುವ ವ್ಯಾಯಾಮ ನಮಗಲ್ಲ. ಕೆಮ್ಮುತ್ತಾ ಬೆಳೆದವನು ಹೇಳಿದರೆ ಒಂದು ಕಿವಿ ಕೊಡಬಹುದು. ಮೊದಲನೇ ಮಹಾಯುದ್ಧ ಶುರುವಾದಾಗ ಈತ ಇಂಗ್ಲೆಂಡಿನಲ್ಲಿದ್ದ. ಶತ್ರು ದೇಶದವನು ಅಂತ ಹಿಡಿದು ಮೊದಲು ಲ್ಯಾಂಕಾಸ್ಟರ್‌ನಲ್ಲಿ, ಆಮೇಲೆ ಐಲ್ ಆಫ್ ಮ್ಯಾನ್ ದ್ವೀಪದ ಶಿಬಿರದಲ್ಲಿ ಕೂಡಿಹಾಕಿದರು. ಅಲ್ಲಿ ಏಳಲಾಗದೆ ಬಿದ್ದಿದ್ದ ರೋಗಿಗಳ ಮಂಚಕ್ಕೆ ಸ್ಪ್ರಿಂಗು ಕಟ್ಟಿ, ಮಲಗಿದಲ್ಲೇ ಕೈಕಾಲು ಎಳೆಯುವಂತೆ ಮಾಡಿದ ಅಂತ ಕತೆ. ಈಗ ಪಿಲಾಟಿಸ್ ಮಾಡಿಸೋಕೆ ರಿಫಾರ್ಮರ್ ಅನ್ನುವ ದುಬಾರಿ ಸ್ಪ್ರಿಂಗು ಯಂತ್ರ ಇದೆಯಲ್ಲ, ಅದರ ಮೂಲಪುರುಷ ಆ ಮಂಚವೇ ಅಂತಾರೆ.

ಸ್ಪ್ರಿಂಗು ಮಂಚ ಅಂದ ಕೂಡಲೇ ನನಗೆ ಜರ್ಮನಿ ಮರೆತುಹೋಯಿತು. ಆಲ್ದೂರಿನಾಚೆ ನಮ್ಮ ಅಜ್ಜನ ಮನೆಯಲ್ಲೂ ಅಂಥದ್ದೊಂದು ಇತ್ತು. ತೋಟ ಮಾರಿ ಊರಿಗೆ ಹೊರಟ ಬಿಳಿ ದೊರೆಯೊಬ್ಬನ ಬಂಗಲೆಯ ಸಾಮಾನು ಹರಾಜಿಗೆ ಬಂದಿತ್ತು. ಅಜ್ಜ ಹೋಗಿದ್ದು ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಕೊಳ್ಳಲು. ಪಲ್ಪರಿನ ಬೆಲೆ ಕೈಮೀರಿ ಏರಿತು. ಬರಿಗೈಲಿ ಬಂದರೆ ಅಜ್ಜಿ ಆಡಿಕೊಳ್ಳುತ್ತಾಳೆ ಅಂತ ಮಂಚಕ್ಕೆ ಕೂಗಿದರು. ಕಬ್ಬಿಣದ ಮಂಚ, ನಾಲ್ಕು ಮೂಲೆಗೂ ಹಿತ್ತಾಳೆ ಗುಂಡು. ಗಾಡಿಯಲ್ಲಿ ಬಂತು. ಬಾಗಿಲಲ್ಲಿ ಹಿಡಿಸಲಿಲ್ಲ. ಹಲಸಿನ ಮರದ ಬಾಗಿಲವಾಡ, ಅದನ್ನು ಮುಟ್ಟುವ ಹಾಗಿಲ್ಲ. ಕೊನೆಗೆ ಜಗುಲಿಯಲ್ಲೇ ಅದರ ಪ್ರತಿಷ್ಠೆ ಆಯಿತು.

ಮೊದಲ ರಾತ್ರಿ ಅಜ್ಜನೇ ಮಲಗಿದರು. ಬೆಳಗ್ಗೆ ಗ ಅಕ್ಷರದ ಹಾಗೆ ಬಾಗಿಕೊಂಡು ಹಿತ್ತಿಲಿಗೆ ಹೋದರಂತೆ. ಆದರೂ "ಹೇಗಿತ್ತು?" ಅಂದವರಿಗೆ, "ರಾಜಭೋಗ" ಅಂದರು. ಅವತ್ತಿನಿಂದ ಅವರು ಚಾಪೆಗೆ ಮರಳಿದರು. ಮಂಚ ನೆಂಟರಿಗೆ ಮೀಸಲಾಯಿತು. ಎಷ್ಟು ಹತ್ತಿರದ ನೆಂಟರೋ ಅಷ್ಟು ಒತ್ತಾಯ.

ಒಂದು ಮಳೆಗಾಲ ಅಜ್ಜಿಯ ಅಣ್ಣ ಬಂದರು. ದೊಡ್ಡ ಆಳು. ಮಲಗಿದ್ದೇ ತಡ, ಮಂಚ ನಡುವೆ ಬಾವಿಯಂತೆ ಇಳಿಯಿತು. ನಡುರಾತ್ರಿ ಒಂದಕ್ಕೆ ಏಳಬೇಕು, ಏಳಲಾಗುತ್ತಿಲ್ಲ. ಒಂದು ಕಡೆ ಹೊರಳಿದರೆ ಇನ್ನೊಂದು ಕಡೆಯ ಸ್ಪ್ರಿಂಗು ಎತ್ತಿ ಮತ್ತೆ ನಡುವೆಯೇ ಹಾಕುತ್ತದೆ. ಕೂಗಿದರು. ಹೆಂಚಿನ ಮೇಲೆ ಮಳೆ ಬೀಳುತ್ತಿದ್ದರೆ ಒಳಗಿನವರಿಗೆ ಏನು ಕೇಳುತ್ತದೆ? ನಾಯಿಗೆ ಕೇಳಿತು. ಅದು ಬೆಳಗಿನವರೆಗೂ ಮಂಚ ಸುತ್ತುತ್ತಾ ಬೊಗಳಿತು. ಬೆಳಗ್ಗೆ ಇಬ್ಬರು ಆಳುಗಳು ಬಂದು ಹಲಸಿನ ಹಣ್ಣು ಉರುಳಿಸಿದ ಹಾಗೆ ಅವರನ್ನು ಉರುಳಿಸಿ ತೆಗೆದರು. ನಡುವೆ ಏನಾಯಿತು ಅಂತ ನಮ್ಮ ಮನೆಯಲ್ಲಿ ಯಾರೂ ಕೇಳಲಿಲ್ಲ, ಹಾಸಿಗೆಯನ್ನು ಮಾತ್ರ ಮೂರು ದಿನ ಒಲೆ ಮುಂದೆ ಒಣಗಿಸಿದರು. ಆಮೇಲೆ ಆ ಮಾವ ಬಂದರೆ ಊಟ ಮಾಡಿ ಕತ್ತಲಾಗುವ ಮೊದಲೇ ಹೊರಡುತ್ತಿದ್ದರು. "ನನ್ನ ತವರನ್ನು ತಪ್ಪಿಸಿದ್ದೇ ಆ ಮಂಚ" ಅಂತ ಅಜ್ಜಿ ಸಾಯುವವರೆಗೂ ಹೇಳಿದಳು.

ಮುಂದೆ ಆ ಮಂಚ ಬಚ್ಚಲ ಒಲೆಯ ಹತ್ತಿರ ಬಟ್ಟೆ ಒಣಗಿಸಲು ಹೋಯಿತು. ಗಟ್ಟಿಯಾಗಿದ್ದ ಎರಡು ಸ್ಪ್ರಿಂಗು ಬಿಚ್ಚಿ ತೊಟ್ಟಿಲಿಗೆ ಕಟ್ಟಿದರು. ನಾನು ಅದರಲ್ಲಿ ತೂಗಿಸಿಕೊಂಡವನು. ನನ್ನ ಮಗಳೂ ಅಷ್ಟೇ.

ಇರಲಿ. ಕ್ಲಾಸಿಗೆ ಹೋದೆ. ನಮ್ಮೂರಿನದೇ, ಯಂತ್ರ ಗಿಂತ್ರ ಇಲ್ಲ, ಬರೀ ಮ್ಯಾಟು. ಕಲಿಸುವ ಹುಡುಗಿ, "ಹೊಕ್ಕುಳನ್ನು ಬೆನ್ನುಮೂಳೆಗೆ ಅಂಟಿಸಿ ಸಾರ್" ಅಂದಳು. ಎರಡರ ನಡುವೆ ಅರವತ್ತು ವರ್ಷದ ಕಡುಬಿದೆಯಲ್ಲ ತಾಯಿ. ಹಂಡ್ರೆಡ್ ಅಂತ ಒಂದಿದೆ. ಅಂಗಾತ ಮಲಗಿ ತಲೆಯನ್ನೂ ಕಾಲನ್ನೂ ಎತ್ತಿ, ಕೈಯನ್ನು ನೀರು ಬಡಿದ ಹಾಗೆ ಬಡಿಯಬೇಕು. ಐದು ಬಡಿತಕ್ಕೆ ಉಸಿರು ಒಳಗೆ, ಐದಕ್ಕೆ ಹೊರಗೆ, ಒಟ್ಟು ನೂರು. ನನ್ನದು ಮೂವತ್ತಕ್ಕೆ ಮುಗಿಯಿತು. ಪಕ್ಕದಲ್ಲಿ ಐದು ತಿಂಗಳ ಬಾಣಂತಿ ಮಂಡಿ ಮಡಿಸಿಕೊಂಡು ತನಗಾದಷ್ಟು ಮಾಡುತ್ತಿದ್ದಳು. ಆಚೆ ಭರತನಾಟ್ಯದ ಹುಡುಗಿ ನಗುನಗುತ್ತಾ ನೂರು ಮುಗಿಸಿದಳು. ಮೂಲೆಯಲ್ಲಿ ಮಂಡಿ ಆಪರೇಷನ್ ಆದ ಮೇಷ್ಟರು ತಲೆ ಕೆಳಗಿಟ್ಟೇ ಬಡಿಯುತ್ತಿದ್ದರು. ಯಾರೂ ಕುಣಿಯಲಿಲ್ಲ, ಕಿರುಚಲಿಲ್ಲ. ಇದು ನನಗೆ ಹಿಡಿಸಿತು. ಹಿಡಿಸದೇ ಇದ್ದಿದ್ದು ಮಾತು ಮಾತಿಗೆ "ಕೋರ್, ಕೋರ್" ಅನ್ನೋದು. ಹೊಟ್ಟೆಗೆ ಹೊಟ್ಟೆ ಅನ್ನೋಕೆ ಏನು ಧಾಡಿ?

ಇನ್ನು ರತ್ನಗಿರಿ ಬೋರೆಯಲ್ಲಿ ವಾಕಿಂಗ್ ಮಾಡುವ ಗೆಳೆಯರ ಮುಂದೆ ಬಾಯಿ ಬಿಟ್ಟಿದ್ದು ನನ್ನದೇ ತಪ್ಪು. "ಎಲ್ಲಾ ನಮ್ಮ ಯೋಗದಿಂದ ಕದ್ದಿದ್ದು" ಅಂದರು ಒಬ್ಬರು. ನೀವು ಯೋಗ ಮಾಡ್ತೀರಾ ಅಂದೆ. "ಇಲ್ಲ, ಅದು ನಮ್ಮದೇ ಅಲ್ವಾ" ಅಂದರು. ಕದ್ದನೋ ಬಿಟ್ಟನೋ, 1926ರ ಸುಮಾರಿಗೆ ಜೋಸೆಫ್ ಪಿಲಾಟಿಸ್ ನ್ಯೂಯಾರ್ಕಿಗೆ ಹೋಗಿ ಎಂಟನೇ ಅವೆನ್ಯೂದಲ್ಲಿ ಅಂಗಡಿ ಇಟ್ಟ. ಮಾರ್ಥಾ ಗ್ರಹಾಂ, ಬಾಲಂಚೀನ್ ಅಂಥ ಹೆಸರಾಂತ ನೃತ್ಯ ಸಂಯೋಜಕರ ಕಡೆಯ ನರ್ತಕರು ಪೆಟ್ಟಾದ ಮೈ ಹೊತ್ತುಕೊಂಡು ಬರುತ್ತಿದ್ದರು. ಆತ ತನ್ನ ವಿದ್ಯೆಗೆ ಇಟ್ಟ ಹೆಸರು ಕಂಟ್ರಾಲಜಿ. ಜನ ಅದನ್ನು ಬಿಟ್ಟು ಅವನ ಹೆಸರನ್ನೇ ಹಿಡಿದರು. 2000ದಲ್ಲಿ ಅಮೆರಿಕದ ಕೋರ್ಟು, ಪಿಲಾಟಿಸ್ ಅನ್ನೋದು ಒಂದು ವ್ಯಾಯಾಮದ ಹೆಸರು, ಯಾರೊಬ್ಬರ ಸ್ವತ್ತೂ ಅಲ್ಲ ಅಂತ ತೀರ್ಪು ಕೊಟ್ಟಿತು. ಇಡ್ಲಿ, ದೋಸೆಯ ಸಾಲಿಗೆ ಸೇರಿತು ಪಾಪ.

ಮೂರು ವಾರವಾಯಿತು. ಈಗ ನಲವತ್ತೆರಡರವರೆಗೆ ಬಡಿಯುತ್ತೇನೆ. ಮೊನ್ನೆ ಒಂದು ಯೋಚನೆ ಬಂತು. ಆ ದುಬಾರಿ ಯಂತ್ರ ನಮಗ್ಯಾಕೆ, ಅಜ್ಜನ ಸ್ಪ್ರಿಂಗು ಇದೆಯಲ್ಲ, ಮಂಚದ ಕಾಲಿಗೆ ಕಟ್ಟಿ ಎಳೆದರಾಯಿತು. ಅಟ್ಟ ಹತ್ತಿ ತೊಟ್ಟಿಲಿನ ಸಾಮಾನೆಲ್ಲ ಕೆದಕಿದೆ. ಸೀನಿದ್ದೇ ಲಾಭ.

"ಏನ್ ಹುಡುಕ್ತಿದೀರಿ?" ಅಂದಳು ಹೆಂಡತಿ ಕೆಳಗಿನಿಂದ.

"ಸ್ಪ್ರಿಂಗು."

ಅಡಿಗೆ ಮನೆಗೆ ಕರೆದು ತೋರಿಸಿದಳು. ಒಂದರಲ್ಲಿ ಈರುಳ್ಳಿ ಬುಟ್ಟಿ, ಇನ್ನೊಂದರಲ್ಲಿ ಬೆಳ್ಳುಳ್ಳಿ ಬುಟ್ಟಿ, ಇಲಿಗೆ ಎಟುಕದ ಹಾಗೆ ಜಂತೆಯಿಂದ ತೂಗುತ್ತಿದ್ದವು. ನಾನು ಕೈ ಚಾಚಿದೆ.

"ಮೊದಲು ಈರುಳ್ಳಿ ಎಲ್ಲಿಡ್ಲಿ ಹೇಳಿ" ಅಂದಳು. ಒಂದು ಗೆಡ್ಡೆ ತೆಗೆದುಕೊಂಡಳು. ಬುಟ್ಟಿ ಎರಡು ಸಲ ಕುಣಿದು ನಿಂತಿತು.