ಮನೆ ಕಟ್ಟಿಕೊಂಡು ಮೊಸಳೆ ಸೀಮೆಗೆ

ರಜೆ ಅಂದರೆ ಮನೆಗೆ ಬೀಗ ಜಡಿದು ಹೊರಡುವುದು ಅಂತ ನಾನು ತಿಳಿದಿದ್ದೆ. ಒಲೆ, ಪಾತ್ರೆ, ಪೊರಕೆ ಮೂರೂ ಕಣ್ಣಿಗೆ ಬೀಳದ ಕಡೆ ಹೋಗಿ ಕಾಲು ಚಾಚುವುದು. ಕ್ಯಾರವಾನ್ ಕಂಡುಹಿಡಿದ ಮಹಾನುಭಾವನಿಗೆ ಇದನ್ನು ಯಾರೂ ಹೇಳಿರಲಿಲ್ಲ ಅಂತ ಕಾಣುತ್ತೆ. ಅವನು ಮನೆಗೇ ಚಕ್ರ ಜೋಡಿಸಿ ಕಾರಿನ ಹಿಂದೆ ಕಟ್ಟಿಬಿಟ್ಟ. ಗಂಡಸೇ ಇರಬೇಕು.

ನಾವಿರುವುದು ಮೆಲ್ಬರ್ನಿನಲ್ಲಿ. ಜುಲೈ ಅಂದರೆ ಇಲ್ಲಿ ಗಡಗಡ ನಡುಗುವ ಚಳಿ. ಅದೇ ಹೊತ್ತಿಗೆ ದೇಶದ ಉತ್ತರ ತುದಿಯ ಡಾರ್ವಿನ್ ಕಡೆ 30 ಡಿಗ್ರಿ ಬಿಸಿಲು. ಹಾಸನದಿಂದ ಬಂದಿದ್ದ ನಮ್ಮತ್ತೆ ಎರಡೆರಡು ಸ್ವೆಟರ್ ಹಾಕಿಕೊಂಡು ಹೀಟರ್ ಮುಂದೆ ಕೂತಿದ್ದನ್ನು ನೋಡಿ ನಮ್ಮೆಜಮಾನ್ರಿಗೆ ಕನಿಕರ ಬಂತು. "ಅಮ್ಮನಿಗೆ ಬಿಸಿಲು ತೋರಿಸೋಣ" ಅಂದರು. ಡಾರ್ವಿನ್‌ಗೆ ವಿಮಾನದಲ್ಲಿ ಹೋಗುವುದು, ಅಲ್ಲಿ ಬಾಡಿಗೆಗೆ ಕಾರು, ಕ್ಯಾರವಾನ್ ಹಿಡಿದು ಪಶ್ಚಿಮ ಕರಾವಳಿಯ ಬ್ರೂಮ್‌ವರೆಗೆ ಓಡಿಸುವುದು. ನೇರ ಹೋದರೆ ಸುಮಾರು 1,870 ಕಿಲೋಮೀಟರ್. ನಾವು ನೇರ ಹೋಗುವ ಪೈಕಿಯಲ್ಲ.

ಆ ಕಡೆ ಕಾಲ ಎರಡೇ ಅಂತ ಪ್ರವಾಸದ ಪುಸ್ತಕಗಳು ಹೇಳುತ್ತವೆ. ಮೇನಿಂದ ಅಕ್ಟೋಬರ್‌ವರೆಗೆ ಒಣಗಾಲ, ಉಳಿದಿದ್ದು ಮಳೆಗಾಲ. ಮಳೆಗಾಲದಲ್ಲಿ ಎಷ್ಟೋ ರಸ್ತೆಗಳು ನೀರಿನಡಿ ಇರುತ್ತವೆ. ಆದರೆ ಡಾರ್ವಿನ್ ಕಡೆಯ ಕಾಕಡು ರಾಷ್ಟ್ರೀಯ ಉದ್ಯಾನದ ಮೂಲನಿವಾಸಿಗಳು ವರ್ಷಕ್ಕೆ ಆರು ಋತು ಎಣಿಸುತ್ತಾರೆ. ಇದನ್ನು ಕೇಳಿದ್ದೇ ಅತ್ತೆಗೆ ಆ ಊರಿನ ಮೇಲೆ ನಂಬಿಕೆ ಬಂತು. "ಲೆಕ್ಕ ಗೊತ್ತಿರೋ ಜನ" ಅಂದರು.

ಕ್ಯಾರವಾನ್ ಒಳಗೆ ಎಲ್ಲಾ ಇತ್ತು. ಮಂಚ, ಫ್ರಿಜ್, ಗ್ಯಾಸ್ ಒಲೆ, ಸಿಂಕು. ಒಲೆಯಿಂದ ಎರಡು ಅಡಿ ದೂರಕ್ಕೆ ಒಂದು ಪುಟಾಣಿ ಬಾಗಿಲು. ಅತ್ತೆ ಅದನ್ನು ತೆಗೆದು ಇಣುಕಿದರು. ಕಮೋಡು! ತೆಗೆದಷ್ಟೇ ಬೇಗ ಮುಚ್ಚಿದರು.

"ಅನ್ನ ಬೇಯೋ ಕಡೆಯೇ ಇದೂನಾ? ಯಾರೂ ಇದರೊಳಗೆ ಕಾಲಿಡಕೂಡದು."

ಹಾಗಾಗಿ ದುಡ್ಡು ಕೊಟ್ಟು ತಂದ ಆ ಪಾಯಿಖಾನೆಯಲ್ಲಿ ನಮ್ಮ ಚಪ್ಪಲಿಗಳು ಬ್ರೂಮ್‌ವರೆಗೆ ಪ್ರಯಾಣ ಮಾಡಿದವು. ನಾವು ಮಾತ್ರ ಅರ್ಧರಾತ್ರಿಯಲ್ಲಿ ಟಾರ್ಚ್ ಹಿಡಿದು ಕ್ಯಾರವಾನ್ ಪಾರ್ಕಿನ ಸಾರ್ವಜನಿಕ ಶೌಚಾಲಯಕ್ಕೆ ನಡೆದೆವು. ಹಾಗೆ ಹೋದ ಮಗಳು ಒಂದು ರಾತ್ರಿ ಕಿಟಾರನೆ ಕಿರುಚಿದಳು. ಓಡಿಹೋಗಿ ನೋಡಿದರೆ ಕಮೋಡಿನ ಅಂಚಿನ ಕೆಳಗಿಂದ ಅಂಗೈಯಗಲದ ಹಸಿರು ಕಪ್ಪೆಯೊಂದು ಗಂಭೀರವಾಗಿ ನಮ್ಮನ್ನೇ ನೋಡುತ್ತಿದೆ. ಫ್ಲಷ್ ಮಾಡಿದೆ. ನೀರಿನ ಜೊತೆ ಒಂದು ಸುತ್ತು ಹಾಕಿ, ನಾಲ್ಕೂ ಕಾಲು ಅಂಟಿಸಿಕೊಂಡು ಮೆಲ್ಲಗೆ ಮತ್ತೆ ಅದೇ ಜಾಗಕ್ಕೆ ಹತ್ತಿ ಕೂತಿತು. ಪಕ್ಕದ ಸಿಂಕಿನಲ್ಲಿ ಹಲ್ಲುಜ್ಜುತ್ತಿದ್ದ ಅಜ್ಜಿ ಬ್ರಷ್ ತೆಗೆಯದೆ ಹೇಳಿದಳು: "ಅದು ಖಾಯಂ ಗಿರಾಕಿ. ನೀವು ಪಕ್ಕದ್ದಕ್ಕೆ ಹೋಗಿ." ಪಕ್ಕದ್ದರಲ್ಲಿ ಎರಡಿದ್ದವು.

ಇನ್ನು ಪಾರ್ಕಿಂಗ್ ವಿಚಾರ. ಕ್ಯಾರವಾನನ್ನು ಮುಂದಕ್ಕೆ ಎಳೆಯುವುದು ಯಾರಿಗಾದರೂ ಬರುತ್ತೆ. ಹಿಂದಕ್ಕೆ ತಳ್ಳುವುದಿದೆಯಲ್ಲ, ಸಂಸಾರದ ಬಣ್ಣ ಬಯಲಾಗುವುದೇ ಅಲ್ಲಿ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಕ್ಯಾರವಾನಿನ ಹಿಂಭಾಗ ಬಲಕ್ಕೆ ಹೋಗುತ್ತೆ. ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಸ್ವಲ್ಪ ಜಾಸ್ತಿ ತಿರುಗಿಸಿದರೆ ಕಾರೂ ಕ್ಯಾರವಾನೂ ಮುಖಾಮುಖಿ ಜಗಳಕ್ಕೆ ನಿಲ್ಲುತ್ತವೆ. ನಮ್ಮೆಜಮಾನ್ರು ಇದರ ಬಗ್ಗೆ ರಾಶಿ ರಾಶಿ ವಿಡಿಯೋ ನೋಡಿದ್ದರು. ವಿಡಿಯೋದಲ್ಲಿ ಕಾರಿನ ಹಿಂದೆ ಅವರ ತಾಯಿ ನಿಂತಿರಲಿಲ್ಲ.

"ಬರ್ಲಿ, ಬರ್ಲಿ, ಬರ್ಲಿ… ಲೆಫ್ಟ್ ಕಟ್ ಮಾಡು… ಹೋಲ್ಡಾನ್!" ಅತ್ತೆ ಕ್ಯಾರವಾನಿನ ಬೆನ್ನಿಗೆ ದಬದಬ ಬಡಿದರು. ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ಬಡಿಯುವುದನ್ನು ಅವರು ಬಹಳ ಕಾಲ ಗಮನಿಸಿದ್ದಾರೆ.

"ಅಮ್ಮಾ, ಲೆಫ್ಟ್ ಅಂದ್ರೆ ಯಾವುದರ ಲೆಫ್ಟು? ಕಾರಿಂದೋ, ಕ್ಯಾರವಾನಿಂದೋ?"

"ನನ್ನ ಲೆಫ್ಟು ಕಣೋ!"

ಅವರು ನಿಂತಿದ್ದು ಕಾರಿಗೆ ಬೆನ್ನುಮಾಡಿ.

ಸಂಜೆ ಹೊತ್ತಿನಲ್ಲಿ ಕ್ಯಾರವಾನ್ ಪಾರ್ಕುಗಳಲ್ಲಿ ಇದೇ ಸಿನಿಮಾ. ಗ್ರೇ ನೋಮ್ಯಾಡ್‌ಗಳು ಅಂತ ಒಂದು ಪಂಗಡವಿದೆ. ಕೆಲಸದಿಂದ ನಿವೃತ್ತರಾಗಿ, ಎಷ್ಟೋ ಮಂದಿ ಊರಿನ ಮನೆಯನ್ನೂ ಮಾರಿ, ದೇಶ ಸುತ್ತುವ ಗಂಡ ಹೆಂಡಿರು. ಮಡಚುವ ಕುರ್ಚಿ, ಕೈಯಲ್ಲಿ ಬಿಯರು, ಮುಂದೆ ನಾವು. ಹತ್ತಾರು ಸಲ ಹಿಂದೆ ಮುಂದೆ ಆದ ಮೇಲೆ ಒಬ್ಬ ತಾತ ನಿಧಾನವಾಗಿ ಎದ್ದು ಬಂದು ಕೀ ಕೇಳಿದ. ಒಂದು ಕೈ ಕಿಟಕಿಯ ಹೊರಗೆ ಇಳಿಬಿಟ್ಟು, ಒಂದೇ ಏಟಿಗೆ ಗಾಡಿಯನ್ನು ಜಾಗಕ್ಕೆ ಕೂರಿಸಿ, ಕೀ ಕೊಟ್ಟು ಹೋದ. ಅವತ್ತು ರಾತ್ರಿ ನಮ್ಮೆಜಮಾನ್ರು ಅನ್ನ ಮಾತ್ರ ತಿಂದರು, ಮಾತಾಡಲಿಲ್ಲ.

ಲಿಚ್‌ಫೀಲ್ಡ್‌ನಲ್ಲಿ ಹುತ್ತಗಳನ್ನು ನೋಡಿದೆವು. ಗೆದ್ದಲು ಕಟ್ಟಿದ ಹುತ್ತಗಳು, ಆಳೆತ್ತರಕ್ಕಿಂತ ಎಷ್ಟೋ ಎತ್ತರ. ಒಂದು ಜಾತಿಯವು ಚಪ್ಪಟೆ ಗೋಡೆಗಳು, ಸ್ಮಶಾನದ ಕಲ್ಲುಗಳ ಥರ ಸಾಲಾಗಿ, ಎಲ್ಲವೂ ಉತ್ತರ ದಕ್ಷಿಣಕ್ಕೆ ನಿಂತಿವೆ. ಮಧ್ಯಾಹ್ನದ ಬಿಸಿಲು ಅಗಲವಾದ ಮೈಮೇಲೆ ಬೀಳಬಾರದು, ಒಳಗೆ ಸೆಖೆ ಹೆಚ್ಚಬಾರದು ಅಂತ ಗೆದ್ದಲುಗಳ ಉಪಾಯ. ನಮ್ಮೆಜಮಾನ್ರು ಇದನ್ನು ವಿವರಿಸುತ್ತಿದ್ದಾಗ ಅತ್ತೆ ಕಾಣಲಿಲ್ಲ. ಫ್ರಿಜ್ಜಿನಿಂದ ಹಾಲಿನ ಕ್ಯಾನ್ ತರಲು ಹೋಗಿದ್ದರು. ನಾಗರಪಂಚಮಿ ಹತ್ತಿರ ಬರುತ್ತಿತ್ತು.

"ಅಮ್ಮಾ, ಇಲ್ಲಿ ನಾಗಪ್ಪ ಹೊರಗೆ ಬಂದ್ರೆ ಕಷ್ಟ. ಆಸ್ಪತ್ರೆ ನೂರು ಕಿಲೋಮೀಟರ್ ದೂರ ಇದೆ."

ಬೇಲಿಯ ಆಚೆ ಹೋಗಕೂಡದೆಂಬ ಬೋರ್ಡೂ ಇತ್ತು. ಅತ್ತೆ ಈಚೆಯಿಂದಲೇ ಕೈಮುಗಿದರು. ಹಾಲು ಕಾಫಿಗೆ ಒದಗಿತು.

ಕಾಕಡುವಿನ ಕೇಹಿಲ್ಸ್ ಕ್ರಾಸಿಂಗ್‌ನಲ್ಲಿ ಮೊಸಳೆಗಳನ್ನು ಕಣ್ತುಂಬ ನೋಡಿದೆವು. ನದಿಗೆ ಅಡ್ಡವಾಗಿ ಒಂದು ಕಾಂಕ್ರೀಟ್ ದಾರಿ. ಉಬ್ಬರ ಬಂದಾಗ ಅದರ ಮೇಲೆ ನೀರು ಹತ್ತುತ್ತೆ, ನೀರಿನ ಜೊತೆ ಮೀನು ಬರುತ್ತೆ, ಮೀನಿಗಾಗಿ ಮೊಸಳೆಗಳು ಬಾಯಿ ತೆರೆದು ಸಾಲು ನಿಲ್ಲುತ್ತವೆ. 1971ರಲ್ಲಿ ಬೇಟೆ ನಿಲ್ಲಿಸಿದಾಗ ಡಾರ್ವಿನ್ ಇರುವ ಪ್ರಾಂತ್ಯವಾದ ನಾರ್ದರ್ನ್ ಟೆರಿಟರಿಯಲ್ಲಿ ಉಪ್ಪುನೀರಿನ ಮೊಸಳೆ ಮೂರು ಸಾವಿರದಷ್ಟು ಉಳಿದಿದ್ದವಂತೆ, ಈಗ ಒಂದು ಲಕ್ಷದ ಲೆಕ್ಕ. ಅತ್ತೆ ಕೇಳಿದ್ದು ಒಂದೇ ಮಾತು: "ಅಷ್ಟು ಹೊಟ್ಟೆಗೆ ದಿನಾ ಏನು ಹಾಕ್ತಾರೆ?" ಅಡುಗೆ ಮಾಡುವವರಿಗೇ ಇಂಥ ಪ್ರಶ್ನೆ ಹೊಳೆಯೋದು. ನಿಜ ಹೇಳಬೇಕೆಂದರೆ ಮೊಸಳೆಯಿಂದ ನಮಗೆ ಒಂದಿಷ್ಟೂ ತೊಂದರೆಯಾಗಲಿಲ್ಲ. ಆದ ತೊಂದರೆಯೆಲ್ಲ ಅಡುಗೆಮನೆಯಿಂದ.

ಮೊದಲನೆಯದು ಮಣ್ಣುರಸ್ತೆಯಲ್ಲಿ. ಟಾರು ರಸ್ತೆ ಬಿಟ್ಟು ಒಂದು ಕ್ಯಾಂಪಿಗೆ ಹೋಗುವ ದಾರಿ ಅದು. ಗಾಡಿಗಳ ಚಕ್ರ ಕುಣಿದು ಕುಣಿದು ರಸ್ತೆಯ ಮೈಯೆಲ್ಲ ಸಣ್ಣ ಸಣ್ಣ ಅಲೆಗಳಾಗಿರುತ್ತವೆ, ಇಲ್ಲಿಯವರು ಕಾರುಗೇಷನ್ ಅನ್ನುತ್ತಾರೆ. ಟೈರಿನ ಗಾಳಿ ಇಳಿಸಿ ನಿಧಾನಕ್ಕೆ ಹೋದರೂ ಕಾರಿನಲ್ಲಿ ಕೂತವರ ಮಾತೇ ನಡುಗುತ್ತೆ. ಹಿಂದೆ ಬರುತ್ತಿದ್ದ ಮನೆಯೊಳಗೆ ಏನಾಗುತ್ತಿದೆ ಅಂತ ಮುಂದೆ ಕೂತ ನಮಗೆ ಹೇಗೆ ಗೊತ್ತಾಗಬೇಕು? ಕ್ಯಾಂಪ್ ತಲುಪಿ ಬಾಗಿಲು ತೆಗೆದೆ. ಕಪಾಟುಗಳ ಚಿಲಕ ಅಷ್ಟೂ ಕಳಚಿಕೊಂಡಿದ್ದವು. ತೊಗರಿಬೇಳೆ, ಸಾಸಿವೆ, ಸಬ್ಬಕ್ಕಿ ಮೂರೂ ಬೆರೆತು ನೆಲದ ಮೇಲೆ ಹಾಸಿಗೆಯಾಗಿತ್ತು. ಪುಳಿಯೋಗರೆ ಗೊಜ್ಜಿನ ಬಾಟಲಿ ದಿಂಬಿನ ಮೇಲೆ ಮಗುಚಿಕೊಂಡು, ಎಣ್ಣೆ ನಿಧಾನವಾಗಿ ನಮ್ಮೆಜಮಾನ್ರು ತಲೆ ಇಡುವ ಜಾಗಕ್ಕೆ ಇಳಿಯುತ್ತಿತ್ತು. ಗಾಡಿ ಓಡುವಾಗ ಗಾಳಿಕಿಂಡಿಗಳಿಂದ ಕೆಂಪು ಧೂಳು ಒಳಗೆ ನುಗ್ಗಿ ಎಲ್ಲದರ ಮೇಲೂ ಒಂದು ಪದರ ಹೊದಿಸಿತ್ತು. ಖಾರದಪುಡಿ ಡಬ್ಬಿಯ ಮುಚ್ಚಳವೂ ಎಲ್ಲೋ ಹಾರಿತ್ತು. ಧೂಳು ಯಾವುದು, ಖಾರದಪುಡಿ ಯಾವುದು? ನೋಡಿದರೆ ಗೊತ್ತಾಗುವ ಹಾಗಿರಲಿಲ್ಲ. ಮಗ ನಾಲಿಗೆ ಚಾಚಿ ಅಲ್ಲಲ್ಲಿ ಪರೀಕ್ಷೆ ಮಾಡಿ, "ಇದು ಆಸ್ಟ್ರೇಲಿಯಾ… ಇದೂ ಆಸ್ಟ್ರೇಲಿಯಾ… ಅಯ್ಯಮ್ಮಾ, ಇದು ಬ್ಯಾಡಗಿ!" ಅಂತ ನೀರಿಗೆ ಓಡಿದ.

ಆಮೇಲಿನ ಸಂಜೆಗಳೆಲ್ಲ ಮೊರದ ಬದಲು ತಟ್ಟೆ ಹಿಡಿದು ಬೇಳೆಯಿಂದ ಸಾಸಿವೆ ಬೇರೆ ಮಾಡುವುದರಲ್ಲೇ ಕಳೆದವು. ಎದುರಿಗೆ ಜನ ಸೂರ್ಯಾಸ್ತದ ಫೋಟೋ ತೆಗೆಯುತ್ತಿದ್ದರು.

ಎರಡನೆಯದಕ್ಕೆ ಹದ್ದು ಕಾರಣ. ಕ್ಯಾಥರೀನ್ ಅನ್ನುವ ಊರಿನ ದಾರಿಯಲ್ಲಿ ಎಲ್ಲೋ ಹುಲ್ಲಿಗೆ ಬೆಂಕಿ ಹಾಕಿದ್ದರು. ಒಣಗಾಲದಲ್ಲಿ ಬೇಕಂತಲೇ ಹೀಗೆ ಸುಡುತ್ತಾರೆ. ಬೆಂಕಿಗೆ ಹೆದರಿ ಹೊರಬೀಳುವ ಮಿಡತೆ, ಓತಿಕ್ಯಾತ ಹಿಡಿಯಲು ಹದ್ದುಗಳು ಮೇಲೆ ಗುಂಪುಗಟ್ಟಿ ಸುತ್ತುತ್ತವೆ. ಬೆಂಗಳೂರಿನ ಆಕಾಶದಲ್ಲಿ ಸುತ್ತುವ ಅದೇ ಕರಿ ಹದ್ದು, ಬೇರೆ ಜಾತಿಯಲ್ಲ. ರಸ್ತೆ ಬದಿಯ ಮೇಜಿಗೆ ಕೂತು ಮಗ ಚಪಾತಿ ಸುರುಳಿ ಬಾಯಿಗಿಡುವಷ್ಟರಲ್ಲಿ ತಲೆಯ ಮೇಲೆ ಏನೋ ಬೀಸಿದ ಹಾಗಾಯಿತು. ಕೈ ಖಾಲಿ. ಚಪಾತಿ ಆಲೂಪಲ್ಯದ ಸಮೇತ ಮೇಲೆ ಹೋಗುತ್ತಿತ್ತು.

ಅತ್ತೆ ಎದ್ದು ಕೆನ್ನೆ ಬಡಿದುಕೊಂಡರು. "ಗರುಡ! ಸಾಕ್ಷಾತ್ ಗರುಡ ಬಂದು ನೈವೇದ್ಯ ತಗೊಂಡ."

"ಅದು ಬರೀ ಹದ್ದು ಅಜ್ಜಿ" ಅಂದ ಮಗ, ಅಳು ತಡೆದುಕೊಂಡು.

ಎರಡನೇ ಚಪಾತಿಯೂ ಹೋದ ಮೇಲೆ ಅತ್ತೆಯೂ ಅದನ್ನು ಹದ್ದು ಅಂತಲೇ ಕರೆದರು, ಜೊತೆಗೆ ಇನ್ನೂ ಕೆಲವು ಹೆಸರು. ಇನ್ನು ಮೇಲೆ ಅಡುಗೆ, ಊಟ ಎಲ್ಲಾ ಒಳಗೇ ಅಂತ ಅಪ್ಪಣೆಯಾಯಿತು. ಅವತ್ತೇ ರಾತ್ರಿ ಕಿಟಕಿ ಮುಚ್ಚಿಕೊಂಡು, ಕಾದ ಎಣ್ಣೆಗೆ ಒಣಮೆಣಸಿನಕಾಯಿ ಹಾಕಿದರು. ಕ್ಯಾರವಾನಿನ ಸೂರಿನಲ್ಲಿ ಹೊಗೆ ಅಲಾರಂ ಇರುತ್ತೆ, ನಮ್ಮ ತಲೆಯಿಂದ ಒಂದು ಗೇಣು ಮೇಲೆ. ಒಗ್ಗರಣೆಯ ಘಾಟು ಅದಕ್ಕೆ ಹೊಸದು. ಬಾಯಿ ಬಡಿದುಕೊಳ್ಳತೊಡಗಿತು. ನಾವು ಕೆಮ್ಮುತ್ತಾ, ಕಣ್ಣೀರು ಸುರಿಸುತ್ತಾ, ಪಾಯಿಖಾನೆಯಿಂದ ಚಪ್ಪಲಿ ತೆಗೆದು ಅಲಾರಮ್ಮಿಗೆ ಬಡಿಯುತ್ತಿದ್ದಾಗ ಪಕ್ಕದ ಕ್ಯಾರವಾನಿನ ತಾತ ಬೆಂಕಿ ಆರಿಸುವ ಸಿಲಿಂಡರ್ ಹೊತ್ತು ಬಾಗಿಲಲ್ಲಿ ನಿಂತಿದ್ದ. ಚಿತ್ರಾನ್ನ ತಿಂದು ಹೋದ. ಮರುದಿನ ಸಂಜೆ ಏಳಕ್ಕೆ ಅಲಾರಂ ಕೂಗದಿದ್ದರೂ ಬಂದ.

ಮಟರಾಂಕಾದ ಬಿಸಿನೀರಿನ ಕೊಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಅಲ್ಲಿ ಏನೂ ಕೆಡಲಿಲ್ಲ. ತಾಳೆಮರಗಳ ಮಧ್ಯೆ 34 ಡಿಗ್ರಿಯ ತಿಳಿನೀರು, ದಿನಕ್ಕೆ ಸುಮಾರು 3 ಕೋಟಿ ಲೀಟರ್ ಉಕ್ಕುತ್ತಲೇ ಇರುತ್ತೆ. ಅಭ್ಯಂಜನಕ್ಕೆ ಹೇಳಿ ಮಾಡಿಸಿದ ನೀರು. ಅತ್ತೆಯ ಕೈಯಿಂದ ಸೀಗೆಪುಡಿ ಪೊಟ್ಟಣ ಕಿತ್ತುಕೊಳ್ಳುವಷ್ಟರಲ್ಲಿ ಸಾಕಾಯಿತು, ಅಷ್ಟೇ.

ಕ್ಯಾಥರೀನ್‌ನಿಂದ ಪಶ್ಚಿಮಕ್ಕೆ ವಿಕ್ಟೋರಿಯಾ ಹೈವೇ. ಒಂದೇ ಲಾರಿಗೆ ಸಾಲಾಗಿ ಟ್ರೈಲರ್ ಕಟ್ಟಿದ, 53 ಮೀಟರಿಗಿಂತ ಉದ್ದದ ರೋಡ್ ಟ್ರೈನುಗಳು ಎದುರಿಗೆ ಬಂದು ಹೋದಾಗ ಆ ಗಾಳಿಗೆ ನಮ್ಮ ಮನೆ ಒಂದು ಸಲ ತಲೆ ಅಲ್ಲಾಡಿಸುತ್ತಿತ್ತು. ಟಿಂಬರ್ ಕ್ರೀಕ್ ಬಂತು. ಅಲ್ಲಿ ಬೋರ್ಡು ನೋಡಿದೆವು: ಮುಂದೆ ವೆಸ್ಟರ್ನ್ ಆಸ್ಟ್ರೇಲಿಯಾ ಗಡಿ, ಹಸಿ ಹಣ್ಣು, ತರಕಾರಿ, ಜೇನುತುಪ್ಪ, ಗಿಡದ ಭಾಗ ಯಾವುದನ್ನೂ ತರುವಂತಿಲ್ಲ. ಹಣ್ಣಿನ ನೊಣ, ಗಿಡದ ರೋಗ ಆ ಕಡೆ ದಾಟಬಾರದು ಅಂತ. ನಿಯಮ ಒಳ್ಳೆಯದೇ. ಆದರೆ ಡಾರ್ವಿನ್‌ನ ಭಾನುವಾರದ ಸಂತೆಯಲ್ಲಿ ಅತ್ತೆ ಬೆಂಡೆ, ಹಾಗಲ, ಅಲಸಂದೆ, ಕರಿಬೇವು ಕಂಡು ಊರಿಗೇ ಬಂದಷ್ಟು ಖುಷಿಯಾಗಿ ತಂದಿದ್ದರು. ಫ್ರಿಜ್ಜಿನ ಅರ್ಧ ಅದೇ ಇತ್ತು.

"ಬೇಯಿಸಿದ್ದು ಬಿಡ್ತಾರಾ?" ಅತ್ತೆ ಕೇಳಿದರು.

"ಬಿಡ್ತಾರೆ."

"ಹಾಗಾದ್ರೆ ಗಾಡಿ ನಿಲ್ಲಿಸು."

ಗಡಿಗೆ ಸ್ವಲ್ಪ ಈಚೆ, ಹೊಟ್ಟೆ ಊದಿದ ಬೋಬಾಬ್ ಮರದ ನೆರಳು. ಅತ್ತೆ ಮರವನ್ನು ಒಮ್ಮೆ ನೋಡಿ, "ಸವಣೂರಲ್ಲಿ ದೊಡ್ಡ ಹುಣಸೇಮರ ಅಂತಾರಲ್ಲ, ಅದರ ದಾಯಾದಿ ಇದು" ಅಂದರು. ನಿಜವೇ. ಆಮೇಲೆ ಒಲೆ ಹಚ್ಚಿದರು. ಇದ್ದ ತರಕಾರಿಯೆಲ್ಲ ಒಂದೇ ಕುಕ್ಕರಿಗೆ. ಹಾಗಲಕಾಯಿ ಜೊತೆ ಬೆಂಡೆಕಾಯಿ, ಅದರ ಮೇಲೆ ಆಲೂಗಡ್ಡೆ. ಕರಿಬೇವನ್ನು ಗರಿಗರಿ ಹುರಿದು ಚಟ್ನಿಪುಡಿ. ಜೇನುತುಪ್ಪವನ್ನು ಎಲ್ಲರ ಅಂಗೈಗೂ ತೀರ್ಥದ ಹಾಗೆ ಸುರಿದು ಬಾಟಲಿ ಖಾಲಿ ಮಾಡಿದರು. ನಾವು ತಿಂದೆವು. ಉಳಿಸುವ ಹಾಗಿಲ್ಲ ಅಂತಲ್ಲ, ಅಂಥ ಹುಳಿಯನ್ನು ಇನ್ನೊಂದು ಹೊತ್ತಿಗೆ ಬಿಸಿ ಮಾಡುವ ಧೈರ್ಯ ಯಾರಿಗೂ ಇರಲಿಲ್ಲ.

ಚೆಕ್‌ಪೋಸ್ಟಿನಲ್ಲಿ ಅಧಿಕಾರಿ ಬಹಳ ಸೌಜನ್ಯದ ಮನುಷ್ಯ. ಫ್ರಿಜ್ ತೆಗೆದ, ಖಾಲಿ. ಕಪಾಟು ತೆಗೆದ, ಬೇಳೆ-ಸಾಸಿವೆ ಬೆರೆತ ಡಬ್ಬಿ ನೋಡಿ ಇದೇನೋ ಅಡುಗೆಯ ವಿಧಾನ ಅಂದುಕೊಂಡ. ಚಟ್ನಿಪುಡಿ ಮೂಸಿ ಸೀನಿದ. ನಾವು ಎದೆಯುಬ್ಬಿಸಿ ನಿಂತಿದ್ದೆವು. ಹೊರಡುವ ಮುನ್ನ ಅವನು ಕಾರಿನ ಮುಂಭಾಗಕ್ಕೆ ಹೋಗಿ ಬಗ್ಗಿದ.

"ಇದೇನು?"

ಕಾರಿನ ಮೂತಿಗೆ ಕಾವಲಾಗಿರುವ ಲೋಹದ ಬುಲ್‌ಬಾರಿಗೆ ಕಪ್ಪು ದಾರದಲ್ಲಿ ಒಂದು ನಿಂಬೆಹಣ್ಣು, ಹಸಿಮೆಣಸಿನಕಾಯಿಗಳು. ಗಾಡಿ ಕೈಗೆ ಬಂದ ದಿನವೇ ಅತ್ತೆ ಕಟ್ಟಿದ್ದು. ಹಣ್ಣೂ ಹೌದು, ತರಕಾರಿಯೂ ಹೌದು, ಮೇಲೆ ಇಡೀ ಟೆರಿಟರಿಯ ನೊಣಗಳು ಅಂಟಿಕೊಂಡಿದ್ದವು. ನಮ್ಮೆಜಮಾನ್ರು ವಿವರಿಸಲು ನೋಡಿದರು. ಅಧಿಕಾರಿ ತಲೆಯಾಡಿಸುತ್ತಾ ಕೇಳಿಸಿಕೊಂಡು, ಗ್ಲೌಸ್ ಹಾಕಿ, ಕತ್ತರಿಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಗಂಟು ಬಿಗಿದ.

"ಬರಿಗೈಯಲ್ಲಿ ಮುಟ್ಟಲಿಲ್ಲ, ಬುದ್ಧಿವಂತ" ಅಂದರು ಅತ್ತೆ. "ಎಲ್ಲರ ದೃಷ್ಟಿ ಅದರಲ್ಲೇ ಇತ್ತು."

ಗಡಿ ದಾಟಿದ ಮೇಲೆ ಫೋನಿಗೆ ಸಿಗ್ನಲ್ ಬಂತು, ಗಡಿಯಾರ ಒಂದೂವರೆ ಗಂಟೆ ಹಿಂದಕ್ಕೆ ಜಿಗಿಯಿತು. ವೆಸ್ಟರ್ನ್ ಆಸ್ಟ್ರೇಲಿಯಾದ ಹೊತ್ತೇ ಬೇರೆ. ಆ ಕಡೆ ಮಧ್ಯಾಹ್ನ ಒಂದು, ಈ ಕಡೆ ಇನ್ನೂ ಹನ್ನೊಂದೂವರೆ.

"ಅಂದ್ರೆ ನಾವಿನ್ನೂ ಊಟಾನೇ ಮಾಡಿಲ್ಲ" ಅಂದ ಮಗ. ಹಾಗಲಕಾಯಿ ನೆನೆದು ನಾವ್ಯಾರೂ ಉತ್ತರಿಸಲಿಲ್ಲ.

ಹಿಂದಿನ ಸೀಟಿನಿಂದ ಅತ್ತೆ ಚಿಂತೆಯಿಂದ ಮುಂದಕ್ಕೆ ಬಾಗಿದರು. "ಅಲ್ಲಾ ಕಣೋ, ನಾನು ಊಟ ಆದ ಮೇಲಿನ ಬಿಪಿ ಮಾತ್ರೆ ನುಂಗಿಬಿಟ್ಟಿದೀನಿ. ಇನ್ನೂ ಹನ್ನೊಂದೂವರೆ ಅಂದ್ರೆ, ಅದು ಒಳಗೆ ಏನು ಮಾಡ್ತಾ ಕೂತಿರುತ್ತೆ?"