ಹಿತ್ತಾಳೆ ಕಿವಿ, ಡಿಜಿಟಲ್ ಮೀಟರ್

ಹೊಸದಾಗಿ ಕಟ್ಟಿದ ಆಂಪ್ಲಿಫೈಯರಿನ ಬಂಡವಾಳ ಬಯಲಾಗುವುದು ರಾತ್ರಿ ಹತ್ತರ ಮೇಲೆ, ಮನೆಯವರೆಲ್ಲ ಮಲಗಿದ್ದಾರೆಂದು ವಾಲ್ಯೂಮ್ ತಗ್ಗಿಸಿದಾಗ. ಫುಲ್ ಪವರಿನಲ್ಲಿ ಡಿಸ್ಟಾರ್ಷನ್ (ಧ್ವನಿ ಕೆಡುವ ಪ್ರಮಾಣ) ಶೇ. 0.1 ಎಂದು ಬೀಗಿದ್ದ ಡಬ್ಬದಿಂದ ತಂಬೂರಿ ಶ್ರುತಿಯೂ ಗಂಟಲಿಗೆ ಮರಳು ಸಿಕ್ಕಂತೆ ಹೊರಡುತ್ತದೆ.

ಮೀಟರ್ ಸುಳ್ಳು ಹೇಳಿಲ್ಲ. ಫುಲ್ ಪವರಿನ ಲೆಕ್ಕ ಕೇಳಿದರು, ಕೊಟ್ಟಿತು. ಔಟ್‌ಪುಟ್‌ನಲ್ಲಿ ಎರಡು ಟ್ರಾನ್ಸಿಸ್ಟರ್. ಅಲೆಯ ಮೇಲರ್ಧ ಒಂದರ ಪಾಳಿ, ಕೆಳಗರ್ಧ ಇನ್ನೊಂದರದು. ಬಯಾಸ್, ಅಂದರೆ ಅವನ್ನು ಸದಾ ಎಚ್ಚರವಾಗಿಡುವ ಅಲ್ಪ ಕರೆಂಟ್, ಕಡಿಮೆಯಿದ್ದರೆ ಪಾಳಿ ಬದಲಾಗುವಾಗ ಇಬ್ಬರೂ ತೂಕಡಿಸುತ್ತಾರೆ. 50 ವ್ಯಾಟಿನ ಅಬ್ಬರದಲ್ಲಿ ಅದು ಮುಚ್ಚಿಹೋಗುತ್ತದೆ, ಅರ್ಧ ವ್ಯಾಟಿಗೆ ಇಳಿದರೆ ಅದೇ ಕಛೇರಿ ನಡೆಸುತ್ತದೆ.

ಬಯಾಸ್ ಸರಿಪಡಿಸಲು ಇನ್‌ಪುಟ್ ಶಾರ್ಟ್ ಮಾಡಿ, ಸ್ಪೀಕರ್ ಬಿಚ್ಚಿಡಿ. ಔಟ್‌ಪುಟ್ ಟ್ರಾನ್ಸಿಸ್ಟರಿನ ಎಮಿಟರ್ ಕಾಲಿಗೆ ಸೇರಿದ 0.22 ಓಮ್ ರೆಸಿಸ್ಟರಿನ ಎರಡೂ ತುದಿಗೆ ಮೀಟರ್ ಹಿಡಿದು, ಪ್ರಿಸೆಟ್ಟನ್ನು (ಬಯಾಸ್ ಹೊಂದಿಸುವ ಪುಟ್ಟ ತಿರುಗಣೆ) ಕೂದಲೆಳೆಯಷ್ಟೇ ತಿರುಗಿಸುತ್ತ 20 ಮಿಲಿವೋಲ್ಟಿಗೆ ತನ್ನಿ. ಅಂದರೆ ಸುಮಾರು 90 ಮಿಲಿಆಂಪ್. 20 ನಿಮಿಷ ಬಿಟ್ಟು, ಹೀಟ್‌ಸಿಂಕ್ ಬಿಸಿಯಾದ ಮೇಲೆ ಮತ್ತೆ ನೋಡಿ. ಅವಸರಪಟ್ಟರೆ ಕರೆಂಟ್ ಏರಿ ಟ್ರಾನ್ಸಿಸ್ಟರ್ ಕಾಯುತ್ತದೆ, ಕಾದಷ್ಟೂ ಕರೆಂಟ್ ಏರುತ್ತದೆ. ಮುಂದಿನದನ್ನು ತಿಳಿಯಲು ಮೀಟರೂ ಬೇಡ, ಕಿವಿಯೂ ಬೇಡ, ಮೂಗು ಸಾಕು.

ಇಷ್ಟಕ್ಕೇ ಕಿವಿಗೆ ಕಿರೀಟ ತೊಡಿಸಬೇಡಿ. ದುಬಾರಿ ಕೆಪಾಸಿಟರ್ ಬೆಸೆದ ಮರುಗಳಿಗೆ 'ಆಹಾ, ಧ್ವನಿ ಅರಳಿತು' ಎನ್ನುವುದು ಅದೇ ಕಿವಿ. 1994ರಲ್ಲಿ ಧ್ವನಿ ಸಂಶೋಧಕರಾದ ಫ್ಲಾಯ್ಡ್ ಟೂಲ್, ಶಾನ್ ಆಲಿವ್ ಇಬ್ಬರೂ ಆಡಿಯೊ ಉಪಕರಣ ತಯಾರಿಸುವ ಹರ್ಮನ್ ಕಂಪನಿಯ 40 ನೌಕರರಿಗೆ ಅವೇ ಸ್ಪೀಕರುಗಳನ್ನು ಒಮ್ಮೆ ತೋರಿಸಿ, ಒಮ್ಮೆ ಮರೆಮಾಡಿ ಕೇಳಿಸಿದರು. ಕಣ್ಣಿಗೆ ಬಿದ್ದಾಗ ದೊಡ್ಡ, ದುಬಾರಿ ಪೆಟ್ಟಿಗೆಗಳಿಗೆ ಅಂಕ ಏರಿತು, ಪುಟಾಣಿಯದು ಕುಸಿಯಿತು.

ಅರ್ಧ ಡೆಸಿಬೆಲ್ ಜೋರಾದರೂ 'ಚೆನ್ನಾಗಿದೆ' ಅನ್ನಿಸಿಬಿಡುತ್ತದೆ. ಎರಡು ಆಂಪ್ಲಿಫೈಯರ್ ಹೋಲಿಸುವ ಮೊದಲು ಸ್ಪೀಕರ್ ಟರ್ಮಿನಲ್‌ನಲ್ಲಿ ಎಸಿ ವೋಲ್ಟೇಜ್ ಸರಿದೂಗಿಸಿ: ಒಂದರಲ್ಲಿ 2.00 ವೋಲ್ಟ್ ಇದ್ದರೆ ಇನ್ನೊಂದರಲ್ಲಿ 2.02 ದಾಟಬಾರದು. ಅಳೆಯಲು ನುಡಿಸುವ ಟೋನ್ 100 ಹರ್ಟ್ಜ್ ಇರಲಿ. 1000 ಹರ್ಟ್ಜ್ ಅಂದರೆ ಕೆಲವು ಅಗ್ಗದ ಮೀಟರುಗಳು ತಬ್ಬಿಬ್ಬಾಗುತ್ತವೆ. ಆಮೇಲೆ ಎರಡಕ್ಕೂ ಪಂಚೆ ಹೊದಿಸಿ, ಸ್ವಿಚ್ ಬೇರೆಯವರ ಕೈಗೆ ಕೊಡಿ. 16 ಸಲದಲ್ಲಿ 12 ಸಲ ಗುರುತು ಹಿಡಿದರೆ ಮಾತಾಡೋಣ.

ಮೀಟರ್ ಪೂರ್ತಿ ಕೈಕೊಡುವ ಜಾಗ ಇನ್ನೊಂದಿದೆ. ಎಡಬಲ ಸ್ಪೀಕರುಗಳನ್ನು ಒಂದೊಂದಾಗಿ ಅಳೆದರೆ ಎರಡೂ ಅಚ್ಚುಕಟ್ಟು. ಒಟ್ಟಿಗೆ ಹಚ್ಚಿದರೆ ಮೃದಂಗದ ಎಡಮುಖದ ಗುಂಕಾರ ಮಾಯ, ನಡುವೆ ಕೂರಬೇಕಾದ ಗಾಯಕರು ಕೋಣೆ ತುಂಬ ಅಲೆದಾಡುತ್ತಾರೆ. ಒಂದರ ವೈರ್ ಉಲ್ಟಾ. ವೈರ್ ಬಿಚ್ಚಿ, 1.5 ವೋಲ್ಟಿನ ಸೆಲ್ ಕ್ಷಣಮಾತ್ರ ತಾಗಿಸಿ; ಕೋನ್ ಮುಂದೆ ಜಿಗಿದರೆ ಸೆಲ್ಲಿನ ಪ್ಲಸ್ ಮುಟ್ಟಿದ ಟರ್ಮಿನಲ್ಲೇ ಪ್ಲಸ್. ಗೋಡೆ ಗಡಿಯಾರದ ಸೆಲ್ ಸಾಕು, ಬೆಳಿಗ್ಗೆ ಆಫೀಸಿಗೆ ಹೊರಡುವವರು ಏಳುವುದರೊಳಗೆ ವಾಪಸು ಹಾಕುವುದಾದರೆ.